ಗುಡ್ಡ ಹತ್ತದ ಗಂಜಿ

ಒಂದು ಕಾಡಿನಲ್ಲಿ ಹುಲಿರಾಜನಿಗೆ ಕಾಡುಕೋಣಗಳ ಪಡೆಯೊಂದಿತ್ತು. ಆಚೆ ಕಾಡಿನ ಸೀಳುನಾಯಿಗಳು ನುಗ್ಗದಂತೆ ಕೋಣಗಳು ಗುಡ್ಡದ ಮೇಲಿನ ದಾರಿ ಕಾಯುತ್ತಿದ್ದವು. ಜಾಂಬಕ್ಕ ಎಂಬ ಕರಡಿ ತನ್ನ ಬಳಗದೊಂದಿಗೆ ಪಡೆಗೆ ಗಂಜಿ ಬೇಯಿಸಿ, ಹಂಡೆ ಹೊತ್ತು ಗುಡ್ಡ ಹತ್ತುತ್ತಿದ್ದಳು. ಶತ್ರು ಬಂದರೆ ಕರಡಿಗಳು ಸೌಟು ಕೆಳಗಿಟ್ಟು ತಾವೂ ಕಾದಾಡುತ್ತಿದ್ದವು.

ಒಂದು ದಿನ ಚೆಲುವಯ್ಯ ಎಂಬ ನರಿ ರಾಜನ ಬಳಿ ಬಂದ.

“ಮಹಾಪ್ರಭು, ಸೌಟು ತಿರುಗಿಸೋಕೆ ಇಪ್ಪತ್ತು ಕರಡಿಗಳನ್ನ ವರ್ಷವಿಡೀ ಸಾಕಬೇಕಾ? ಅವಕ್ಕೆ ಕೊಡೋ ಜೇನಲ್ಲಿ ಅರ್ಧ ನನಗೆ ಕೊಡಿ. ಗಂಜಿ ನಾನು ಬೇಯಿಸ್ತೀನಿ.”

ರಾಜ ಹಿಗ್ಗಿದ. ಕರಡಿಯನ್ನು ಕರೆಸಿ, “ಜಾಂಬಕ್ಕ, ನಾಳೆಯಿಂದ ನೀವ್ಯಾರೂ ಬರಬೇಡಿ” ಎಂದ.

“ಆಗಲಿ ಒಡೆಯಾ. ಇವನ ಗಂಜಿ ಗುಡ್ಡ ಹತ್ತುತ್ತಾ ಅಂತ ಕೇಳಿದ್ರಾ?”

“ಗಂಜಿಗೇನು ಕಾಲಿದೆಯಾ?” ನರಿ ಕಿಸಕ್ಕನೆ ನಕ್ಕ.

ರಾಜ ಹಂಡೆಗಳನ್ನೂ ನರಿಗೇ ಕೊಟ್ಟುಬಿಟ್ಟ.

ಮೊದಲ ತಿಂಗಳು ಅರ್ಧ ಜೇನು ಉಳಿಯಿತು. ರಾಜ ಮೀಸೆ ತಿರುವಿದ. ಮೂರನೆಯ ತಿಂಗಳು ನರಿ ದುಪ್ಪಟ್ಟು ಕೇಳಿದ. ಗಂಜಿ ಮಾತ್ರ ನೀರಾಗುತ್ತಾ ಹೋಯಿತು. ರಾಜ ಗದರಿದರೆ, “ಬೇರೆ ಯಾರ ಹತ್ತಿರ ಹಂಡೆ ಇದೆ ಪ್ರಭು?” ಎಂದ.

ಅಷ್ಟರಲ್ಲಿ ಸೀಳುನಾಯಿಗಳು ದಾಳಿಯಿಟ್ಟವು. ನರಿ ಹಂಡೆಗಳನ್ನು ಗುಡ್ಡದ ಬುಡದಲ್ಲೇ ಇಳಿಸಿದ.

“ಮೇಲೆ ತಾರಯ್ಯಾ! ಎರಡು ದಿನದಿಂದ ಉಪವಾಸ ಇದ್ದೀವಿ!” ದಳವಾಯಿ ಕೋಣ ಕೂಗಿದ.

“ಬೇಯಿಸ್ತೀನಿ ಅಂದಿದ್ದೆ, ಸಾಯ್ತೀನಿ ಅಂದಿರಲಿಲ್ಲ. ಹತ್ತಬೇಕಾದ್ರೆ ನಾಲ್ಕರಷ್ಟು ಜೇನು!”

ಚೌಕಾಸಿ ಮುಗಿಯುವ ಮೊದಲೇ ಹಸಿದ ಕೋಣಗಳು ಸೋತು ಚದುರಿದವು. ಸೀಳುನಾಯಿಗಳು ಗಂಜಿಯ ವಾಸನೆ ಹಿಡಿದು ನೇರ ಕೆಳಗಿಳಿದವು. ಹಂಡೆ ಬರಿದು ಮಾಡಿದವು, ನರಿ ಕೂಡಿಟ್ಟ ಜೇನನ್ನೆಲ್ಲ ನೆಕ್ಕಿದವು, ಕೊನೆಗೆ ಅವನ ಬಾಲಕ್ಕೇ ಬಾಯಿ ಹಾಕಿದವು.

“ಕಾಪಾಡಿ ದಳವಾಯಿಗಳೇ!”

“ಏಳೋಕೆ ತ್ರಾಣ ಇಲ್ಲ ಕಣಯ್ಯಾ. ಊಟ ಆಗಿಲ್ಲ” ಎಂದ, ಹತ್ತಿರದ ಪೊದೆಯಲ್ಲಿ ಕುಸಿದು ಬಿದ್ದಿದ್ದ ದಳವಾಯಿ.

ಬಾಲ ಕಳೆದುಕೊಂಡ ನರಿ ಕಾಡು ಬಿಟ್ಟು ಓಡಿದ.

ರಾಜ ತಾನೇ ಜಾಂಬಕ್ಕನ ಗವಿಗೆ ಹೋದ. “ತಪ್ಪಾಯ್ತು ತಾಯಿ. ಏನು ಕೇಳಿದ್ರೂ ಕೊಡ್ತೀನಿ.”

“ಮೊದಲಿನಷ್ಟೇ ಸಾಕು. ಈಗ ಸೌದೆ ಹೊರಿ, ಮಾತು ಆಮೇಲೆ” ಎಂದಳು ಜಾಂಬಕ್ಕ.

ಹುಲಿರಾಜ ಸೌದೆ ಹೊತ್ತ. ಹಂಡೆಗಳು ಸೀಳುನಾಯಿಗಳ ಪಾಲಾಗಿದ್ದರಿಂದ ಕರಡಿಗಳು ಮಡಕೆಯಲ್ಲೇ ಗಂಜಿ ಬೇಯಿಸಿ, ಚದುರಿದ ಕೋಣಗಳನ್ನು ಹುಡುಕಿ ಉಣಿಸಿದವು. ಮೂರನೆಯ ದಿನ ಎಲ್ಲರೂ ಒಟ್ಟಾಗಿ ಸೀಳುನಾಯಿಗಳನ್ನು ಗುಡ್ಡದಾಚೆ ಅಟ್ಟಿದರು. ಆದರೆ ಮೊದಲ ದಾಳಿಯಲ್ಲಿ ಸತ್ತ ಏಳು ಕೋಣಗಳು ಯಾವ ಜೇನಿಗೂ ತಿರುಗಿ ಬರಲಿಲ್ಲ.

ನೀತಿ: ಕಾಯುವವರ ಅನ್ನವನ್ನು ಅಗ್ಗದ ಗುತ್ತಿಗೆಗೆ ಕೊಟ್ಟವನಿಗೆ ನಿಜವಾದ ಖರ್ಚು ತಿಳಿಯುವುದು ಯುದ್ಧದ ದಿನವೇ.