ಕಡಲು ಕಟ್ಟಿದ ಕಪ್ಪು ಉಂಡೆ

ಮನುಷ್ಯರಿಗೆ ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳಿಗೆ ಹೆಸರಿಟ್ಟಿರಲಿಲ್ಲ. ಆಗ ಗಾಳಿ ಮಾತಾಡುತ್ತಿತ್ತು, ಕಡಲು ಮಾತಾಡುತ್ತಿತ್ತು, ಭೂಮಿತಾಯಿ ಕರೆದರೆ ಓಗೊಡುತ್ತಿದ್ದಳು.

ಕಡಲ ದಂಡೆಯಲ್ಲಿ ಗಣಪಿ ಎಂಬ ಹೆಂಗಸು ಇದ್ದಳು. ಜಡಿಮಳೆಯಲ್ಲಿ ಅವಳಿಗೆ ಗಂಡುಮಗು ಹುಟ್ಟಿತು. ಸೌದೆಯೆಲ್ಲ ನೆನೆದು ಹೋಗಿತ್ತು. ಒಲೆ ಹೊಗೆಯಾಡಿತೇ ಹೊರತು ಹೊತ್ತಲಿಲ್ಲ. ಹಸಿಗೂಸು ನಡುಗಿ ನಡುಗಿ ನೀಲಿಗಟ್ಟತೊಡಗಿತು.

ಗಣಪಿ ನೆಲಕ್ಕೆ ಹಣೆ ಹಚ್ಚಿ ಬೇಡಿದಳು. "ಅವ್ವಾ, ಉರಿಯೂದು ಏನಾದ್ರೂ ಇದ್ರೆ ಕೊಡು. ಕೂಸು ಉಳಿಯೂದಿಲ್ಲ."

"ನನ್ನ ಹೊಟ್ಟೆಯಲ್ಲಿ ಹಳೆಯ ಹಳೆಯ ಜೀವಗಳು ಕರಗಿ ಎಣ್ಣೆಯಾಗಿ ಮಲಗಿವೆ ಮಗಳೇ. ಅವನ್ನು ಎಬ್ಬಿಸಬಾರದು," ಎಂದಳು ಭೂಮಿತಾಯಿ. "ಆದರೂ ಕೂಸಿಗಾಗಿ ಒಂದು ಕುಡಿಕೆ ಕೊಡುತ್ತೇನೆ."

ಗಣಪಿ ಕುಡಿಕೆ ಎತ್ತಿಕೊಂಡು, "ಬರ್ತೇನವ್ವ," ಎಂದಳು.

"ಹೋಗಿ ಬಾ," ಎಂದಳು ಭೂಮಿತಾಯಿ.

ನಮ್ಮಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ. ಕಳಿಸುವವರೂ ಬರೀ ಹೋಗು ಎನ್ನುವುದಿಲ್ಲ. ಬಾಯಿಗೆ ಬಂದ ಮರ್ಯಾದೆಯ ಮಾತು ಅದು, ಅಷ್ಟೇ.

ಒಲೆ ಹೊತ್ತಿತು. ಕೂಸು ಬೆಚ್ಚಗಾಗಿ ಜೋರಾಗಿ ಅತ್ತಿತು. ಕೇರಿಯವರಿಗೆಲ್ಲ ಸಂತೋಷವಾಯಿತು. ಆಮೇಲೆ ಅವರು ತಮ್ಮತಮ್ಮಲ್ಲೇ ಮಾತಾಡಿಕೊಂಡರು, "ಅವ್ವನೇ ಬಾ ಅಂದಿದ್ದಾಳಂತೆ."

ಬಂದರು. ಮೊದಲು ಕುಡಿಕೆ ತಂದರು, ಆಮೇಲೆ ಕೊಡ ತಂದರು, ಆಮೇಲೆ ದೋಣಿಯನ್ನೇ ತಂದು ತುಂಬಿಕೊಂಡರು. ಮಳೆ ನಿಂತು ಸೌದೆ ಒಣಗಿದ ಮೇಲೂ ಬಂದರು. ದೋಣಿಗಳನ್ನೂ ಎಣ್ಣೆ ಉರಿಸಿಯೇ ಓಡಿಸತೊಡಗಿದರು.

"ದೋಣಿಗೆ ನಾನಿದ್ದೇನಲ್ಲ, ಹಾಯಿ ಬಿಚ್ಚಿ," ಎಂದಿತು ಗಾಳಿ.

"ನೀನು ನಿಂಗೆ ಬೇಕಾದಾಗ ಬೀಸ್ತೆ. ಇದು ನಾವು ಹೇಳಿದ ಹಾಗೆ ಕೇಳ್ತದೆ," ಎಂದರು ಜನ.

ದೋಣಿಗಳು ಸೋರಿದವು. ಕಡಲ ಮೈ ಕಪ್ಪಾಯಿತು. ಒಂದು ದಿನ ಮೊಟ್ಟೆಯಿಡಲು ದಂಡೆಗೆ ಹತ್ತಿದ ಆಮೆಯ ಕಾಲು ಎಣ್ಣೆಯಲ್ಲಿ ಹೂತುಕೊಂಡಿತು. ತಲೆ ನರೆತ ಗಣಪಿ ಅದನ್ನು ಕಂಡು, ಸೆರಗಿನಿಂದ ಒರೆಸುತ್ತ ಕೂತಳು.

"ನಿನ್ನ ಕೂಸಿಗೆ ಬೆಚ್ಚಗಾಯಿತಲ್ಲ," ಎಂದಿತು ಆಮೆ. "ನನ್ನ ಕೂಸುಗಳನ್ನು ನಾನು ಎಲ್ಲಿಡಲಿ?"

ಗಣಪಿ ಎದ್ದು ಕೇರಿಗೆ ಓಡಿದಳು.

"ನಾನು ಬರ್ತೇನೆ ಅಂದದ್ದು ಮತ್ತೆ ಬರೂದಕ್ಕಲ್ಲ ಮಾರಾಯರೆ, ಹೊರಡೂದಕ್ಕೆ. ಸಾಕು ಮಾಡಿ. ಆಮೆಗೆ ಮೊಟ್ಟೆ ಇಡೂಕೆ ಜಾಗ ಇಲ್ಲ."

ಯಾರೂ ವಾದ ಮಾಡಲಿಲ್ಲ. "ಹೌದು ಗಣಪಕ್ಕ, ನಮ್ಮದೇ ತಪ್ಪು," ಎಂದರು. "ನಿಲ್ಲಿಸ್ಲೇಬೇಕು," ಎಂದರು. ಕೆಲವರ ಕಣ್ಣಲ್ಲಿ ನೀರೂ ಬಂತು. ಆಮೇಲೆ ಕೊಡ ಎತ್ತಿಕೊಂಡು ಹೊರಟರು. ಅವರ ನಡುವೆ ಅವಳ ಮಗನೂ ಇದ್ದ, ಅಂದು ಆ ಕುಡಿಕೆಯಿಂದ ಬದುಕಿದ ಕೂಸು.

"ಇವತ್ತೊಂದಿನ ಅವ್ವ, ನಾಳೆಯಿಂದ ಇಲ್ಲ," ಎಂದ.

ಅವರು ಜಗಳಕ್ಕೆ ನಿಂತಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಎಲ್ಲ ಗೊತ್ತಿದ್ದೂ ಹೊರಟರಲ್ಲ, ಅದಕ್ಕೇ ಬರುತ್ತದೆ.

ಆಮೆ ಮೊಟ್ಟೆಗಳನ್ನು ಹೊಟ್ಟೆಯಲ್ಲಿ ಹೊತ್ತುಕೊಂಡೇ ನೀರಿಗೆ ತಿರುಗಿತು. ಗಣಪಿ ಅದು ಕಾಣದಾಗುವವರೆಗೂ ನೋಡುತ್ತ ನಿಂತಳು.

ಕಡಲು ಇದನ್ನೆಲ್ಲ ಕಂಡಿತ್ತು. ತನ್ನ ಮೈಮೇಲಿದ್ದ ಎಣ್ಣೆಯನ್ನು ಅಲೆಗಳಲ್ಲಿ ನಾದಿ, ಮರಳು ಬೆರೆಸಿ, ಉಂಡೆ ಕಟ್ಟಿತು. "ಇದು ನಿಮ್ಮ ಸೊತ್ತು. ನಿಮ್ಮ ಬಾಗಿಲಿಗೇ ತಂದಿಡುತ್ತೇನೆ," ಎಂದಿತು. ಅದೇ ಕಡಲಿನ ಕೊನೆಯ ಮಾತು. ಅಂದಿನಿಂದ ಅದು ಮನುಷ್ಯರ ಜೊತೆ ಮಾತಾಡಿಲ್ಲ.

ಅದಕ್ಕೇ ಮಗೂ, ಮುಂಗಾರು ಶುರುವಾಗುವಾಗ ನೀನು ದಂಡೆಯಲ್ಲಿ ಆಡಿ ಬಂದರೆ ಅಂಗಾಲಿಗೆ ಡಾಂಬರಿನಂಥ ಕಪ್ಪು ಉಂಡೆ ಮೆತ್ತಿಕೊಂಡಿರುತ್ತದೆ. ಎಷ್ಟು ನೀರು ಹಾಕಿ ತಿಕ್ಕಿದರೂ ಹೋಗುವುದಿಲ್ಲ, ಅದನ್ನು ಬಿಡಿಸಲು ನಿನ್ನ ಅಮ್ಮ ಸೀಮೆಎಣ್ಣೆಯ ಬಾಟಲಿಯನ್ನೇ ಹುಡುಕುತ್ತಾಳೆ.