ಹುಣಸೆಮರಕ್ಕೊಂದು ನೋಟಿಸು

ಪಂಚಾಯ್ತಿ ಕಚೇರಿ ಮುಂದಿನ ಹುಣಸೆಮರದ ಕೊಕ್ಕರೆಗಳು ಅಧ್ಯಕ್ಷ ಪುಟ್ಟಮಾದೇಗೌಡರ ಹೊಸ ಕಾರಿನ ಮೇಲೆ ಹಿಕ್ಕೆ ಹಾಕಿದವು. ಗೌಡರು ಕೆಂಡವಾದರು.

"ನಾಳೇನೇ ಮರ ಕಡಿಸಮ್ಮ!"

ಊರಿನ ಮರ, ಗೂಡುಗಳ ಪಟ್ಟಿ ನೋಡಿಕೊಳ್ಳುವ ಗುಮಾಸ್ತೆ ಜವರಮ್ಮ ಎದುರಾಡಲಿಲ್ಲ. "ಆಗ್ಲಿ ಸಾ. ಇರೋರನ್ನ ಎಬ್ಬಿಸೋಕೆ ಮುಂಚೆ ನೋಟಿಸ್ ಕೊಡ್ಬೇಕಲ್ವಾ?" ಅಂದು ಬರೆದು ತಂದರು.

ಗೌಡರು ಓದಿದರು: "ಹೆರಿಗೆಗೆಂದು ತವರಿಗೆ ಬಂದಿರುವ ಹೆಣ್ಣುಮಕ್ಕಳು ಮೂರು ದಿನದೊಳಗೆ ಜಾಗ ಖಾಲಿ ಮಾಡತಕ್ಕದ್ದು."

"ಯಾರಮ್ಮ ಈ ಹೆಣ್ಣುಮಕ್ಕಳು?"

"ಕೊಕ್ಕರೆಗಳು ಸಾ. ವರ್ಷಾ ವರ್ಷ ಮರಿ ಮಾಡೋಕೆ ಇಲ್ಲಿಗೇ ಬರ್ತವೆ. ಸಹಿ ಹಾಕಿ."

ಗೌಡರ ಮಗಳೂ ಚೊಚ್ಚಲ ಹೆರಿಗೆಗೆ ಬಂದು ಹದಿನೈದು ದಿನವಾಗಿತ್ತು. ತೆರೆದ ಪೆನ್ನಿಗೆ ಅವರು ಮೆಲ್ಲಗೆ ಮುಚ್ಚಳ ಹಾಕಿದರು.

"ಮರಿಗಳು ಹಾರೋಕೆ ಎಷ್ಟು ದಿನ ಬೇಕಮ್ಮ?"

"ಇನ್ನೂ ಮೂರು ತಿಂಗಳು ಸಾ."

"ಬಾಣಂತನ ಮುಗೀಲಿ ಬಿಡು," ಎಂದು ಗೌಡರು ಎದ್ದು ಹೋಗಿ, ಕಾರನ್ನು ತಾವೇ ಬಿಸಿಲಲ್ಲಿ ನಿಲ್ಲಿಸಿ ಬಂದರು.