ಬಾಕಿ ಪ್ರಶ್ನೆ ಒಂದೂ ಇಲ್ಲ

ಒಂದು ಆಸ್ಪತ್ರೆಯ ಗ್ರಂಥಾಲಯದಲ್ಲಿ ದಪ್ಪನೆಯ ಔಷಧ ಪುಸ್ತಕವೊಂದಿತ್ತು. ವಾರ್ಡಿನಿಂದ ಯಾರು ಸಂಶಯ ತಂದರೂ ಗ್ರಂಥಪಾಲಕಿ ಅನಸೂಯಮ್ಮ ಸರಿಯಾದ ಪುಟಕ್ಕೆ ಚೀಟಿ ಇಟ್ಟು ಅದನ್ನು ಕೈಗೆ ಕೊಡುತ್ತಿದ್ದರು. ಆಸ್ಪತ್ರೆಗೆ ಮಾನ್ಯತೆ ಪಡೆಯುವ ಓಡಾಟ ಶುರುವಾದಾಗ ಅವರನ್ನು ದಾಖಲೆ ಜೋಡಿಸಲು ಮೇಲಿನ ಮಹಡಿಗೆ ಕಳಿಸಿದರು. ಅವರು ಜೋಡಿಸಿದ ಮೊದಲ ಫೈಲನ್ನು ಪುಸ್ತಕದ ಪಕ್ಕದಲ್ಲಿಟ್ಟು ಗ್ರಂಥಾಲಯಕ್ಕೆ ಬೀಗ ಹಾಕಿದರು.

"ಹಿರಿಯರೇ, ಇಲ್ಲಿ ಗ್ರಂಥಪಾಲಕಿ ಇದ್ದಾರೆ ಎಂಬುದಕ್ಕೆ ನಾನೇ ಸಾಕ್ಷಿ," ಎಂದಿತು ಫೈಲು.

"ಅವರೆಲ್ಲಿ ತಮ್ಮಾ?"

"ನನ್ನಂಥ ಇನ್ನೂ ನಲವತ್ತು ಫೈಲು ಮಾಡುತ್ತಿದ್ದಾರೆ."

ಅಷ್ಟರಲ್ಲಿ ಮಕ್ಕಳ ವಾರ್ಡಿನ ನರ್ಸ್ ಫಿಲೋಮಿನಾ ಬಾಗಿಲು ತಟ್ಟಿದಳು. "ಮೇಡಂ, ಮಗು ಎರಡೇ ಕಿಲೋ ಇದೆ. ಬರೆದಿರೋ ಡೋಸು ಜಾಸ್ತಿ ಅನಿಸ್ತಿದೆ. ಸ್ವಲ್ಪ ನೋಡಿ ಹೇಳ್ತೀರಾ?"

"ಜಾಸ್ತಿಯೇ ಮಗಳೇ, ನನ್ನ ನಾನೂರ ಹನ್ನೆರಡನೇ ಪುಟ ನೋಡು," ಎಂದು ಪುಸ್ತಕ ಕೂಗಿತು. ಮುಚ್ಚಿದ ಪುಸ್ತಕದ ಮಾತು ಬಾಗಿಲಿನಾಚೆ ಕೇಳಿಸಲಿಲ್ಲ. ಅವಳು ಇನ್ನೆರಡು ಸಲ ತಟ್ಟಿ ಹೊರಟುಹೋದಳು.

ಮರುವಾರ ತಪಾಸಣೆಯವರು ಬಂದು ಫೈಲು ಬಿಡಿಸಿದರು. 'ಉತ್ತರಿಸದೆ ಉಳಿದ ಪ್ರಶ್ನೆಗಳು: ಒಂದೂ ಇಲ್ಲ' ಎಂದಿತ್ತು. ತಲೆದೂಗಿ ಸಹಿ ಹಾಕಿದರು. ಮತ್ತೆ ಬೀಗ ಬಿತ್ತು.

"ಪೂರ್ತಿ ಅಂಕ, ಹಿರಿಯರೇ," ಎಂದಿತು ಫೈಲು.

"ಆ ಮಗು ಹೇಗಿದೆ?" ಎಂದು ಪುಸ್ತಕ ಕೇಳಿತು.

ಫೈಲು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೆ ತನ್ನನ್ನು ತಾನೇ ಹುಡುಕಿಕೊಂಡಿತು. ಆ ಮಗುವಿನ ಸುದ್ದಿ ಎಲ್ಲೂ ಇರಲಿಲ್ಲ.